ಅವ್ವನ ಹೆಸರು ಥಕಬಾಕಿ (ಹಣ ಬಾಕಿ ಇಟ್ಟವರ) ಬೋರ್ಡಿಗೆ ಬಂತು: ಸೊಲ್ಲಾಪುರ ಕಡೆ ಸೊಸೈಟಿ ಫ್ಲ್ಯಾಟ್ ಇರುವವರು ದಯವಿಟ್ಟು ಓದಿ

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಯಾರದಾದರೂ ಹೌಸಿಂಗ್ ಸೊಸೈಟಿಯಲ್ಲಿ ಫ್ಲ್ಯಾಟ್ ಇದ್ದರೆ ಇದನ್ನು ಪೂರ್ತಿ ಓದಿ. ಅದರಲ್ಲೂ ಫ್ಲ್ಯಾಟ್ ಇನ್ನೂ ಅಪ್ಪನ ಹೆಸರಿನಲ್ಲೇ ಇದ್ದು, ಮಕ್ಕಳು ಬೇರೆ ಊರಲ್ಲಿದ್ದರೆ ಖಂಡಿತ ಓದಿ. ಸೊಸೈಟಿ ನಮ್ಮಿಂದ ಕೇಳಬಾರದ ಹಣ ಕೇಳಿತು. ಅದು ಅವರ ತಪ್ಪು. ಆದರೆ ಸಿಟ್ಟಿನಲ್ಲಿ ನಾವು ತಿಂಗಳ ಮೆಂಟೆನನ್ಸ್ ಕಟ್ಟುವುದನ್ನೇ ನಿಲ್ಲಿಸಿದೆವು. ಅದು ನಮ್ಮ ತಪ್ಪು. ಆ ಒಂದು ತಪ್ಪಿನಿಂದ ಎರಡು ವರ್ಷ ನಮ್ಮ ಮಾತನ್ನು ಯಾರೂ ಕೇಳಲಿಲ್ಲ.

ಅಪ್ಪ ಟವೆಲ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. 2004ರಲ್ಲಿ ಈ ಫ್ಲ್ಯಾಟ್ ತಗೊಂಡರು. 24 ಮನೆಗಳ ಸಣ್ಣ ಸೊಸೈಟಿ. ಅಪ್ಪ 2021ರ ಅಕ್ಟೋಬರದಲ್ಲಿ ತೀರಿಕೊಂಡರು. ಅಷ್ಟು ವರ್ಷ ಅಲ್ಲಿದ್ದರೂ ಸೊಸೈಟಿಗೆ ನಾಮಿನೇಶನ್ ಫಾರ್ಮ್ ಕೊಟ್ಟಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಮೂರು ಪ್ರತಿ ತುಂಬಿ ಕೊಟ್ಟರೆ ಮುಗಿಯುವ ಕೆಲಸ ಅದು. ಮೊದಲ ಸಲಕ್ಕೆ ಶುಲ್ಕವೂ ಇಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ ನೋಡಿ.

ನಮ್ಮ ಸೆಕ್ರೆಟರಿ ಹೊರಗಿನವರಲ್ಲ. ಅಪ್ಪನ ಜೊತೆ ಇಪ್ಪತ್ತು ವರ್ಷ ಒಂದೇ ಹೋಟೆಲಿನಲ್ಲಿ ಚಹಾ ಕುಡಿದವರು. ನಾವು ಮಕ್ಕಳು ಅವರಿಗೆ ಕಾಕಾ ಅನ್ನುತ್ತಿದ್ದೆವು. ಅಪ್ಪನ ತಿಂಗಳ ಮಾಸಿಕ ಮುಗಿದ ಸ್ವಲ್ಪ ದಿನಕ್ಕೆ ಒಂದು ಕಾಗದ ತಗೊಂಡು ಮನೆಗೆ ಬಂದರು. "ವೈನಿ, ನಿಮ್ಮ ಹೆಸರು ಹಚ್ಚಾಕ ಒಂದು ಅರ್ಜಿ ಬೇಕಾಗ್ತದ. ನಾನ ಬರ್ಕೊಂಡ ಬಂದೀನಿ. ಇಲ್ಲಿ ಒಂದು ಸಹಿ ಮಾಡ್ರಿ ಸಾಕು" ಅಂದರಂತೆ. ಅವ್ವ ಸಹಿ ಮಾಡಿದಳು.

ಅವ್ವ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ತನಕ ಓದಿದವಳು. ಮರಾಠಿ ಚೆನ್ನಾಗಿ ಮಾತಾಡುತ್ತಾಳೆ. ಓದಲು ಮಾತ್ರ ಬರುವುದಿಲ್ಲ. ತನ್ನ ಹೆಸರು, ಅಂಕಿ, ಬಸ್ಸಿನ ಬೋರ್ಡು, ಅಷ್ಟೇ. ಆ ಕಾಗದದಲ್ಲಿ ಎರಡು ವಿಷಯ ಇದ್ದವು. ಮೊದಲನೆಯದು ಹೆಸರು ವರ್ಗಾವಣೆಯ ಅರ್ಜಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಇಮಾರತಿನ ಅಭಿವೃದ್ಧಿ ನಿಧಿಗೆ 1,00,000 ರೂಪಾಯಿ ಸ್ವಂತ ಖುಷಿಯಿಂದ ಕೊಡುತ್ತೇನೆ ಅನ್ನುವ ಸಂಮತಿ. ಅವ್ವನ ಕೈಗೆ ಪ್ರತಿ ಕೊಡಲಿಲ್ಲ, ಪೋಚೂ (ಅರ್ಜಿ ಮುಟ್ಟಿದೆ ಅನ್ನುವ ರಸೀದಿ) ಕೊಡಲಿಲ್ಲ. ನಮ್ಮ ಗಡಿ ಭಾಗದಲ್ಲಿ ಇದು ಬರೀ ನಮ್ಮ ಮನೆಯ ಕಥೆ ಅಲ್ಲ. ಮಾತಾಡುವ ಭಾಷೆ ಒಂದು, ಓದುವ ಭಾಷೆ ಒಂದು, ಆಫೀಸಿನ ಭಾಷೆ ಇನ್ನೊಂದು. ಈ ನಡುವಿನ ಸಂದಿಯಲ್ಲೇ ಇಂಥ ಸಹಿಗಳು ಆಗುತ್ತವೆ. ಮರಾಠಿ ಓದಲು ಬರುವವರು ಮನೆಗೆ ಬರುವ ತನಕ ಕಾಗದ ಇಲ್ಲೇ ಇರಲಿ ಅನ್ನಲು ನಿಮ್ಮ ಅವ್ವ ಅಪ್ಪನಿಗೆ ಹೇಳಿಕೊಡಿ. ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿದರೆ ತಿಳಿಯಲಿ.

ಒಂದು ಲಕ್ಷದ ಮಾತು ಹೊರಗೆ ಬಂದದ್ದು 2022ರ ಜನವರಿಯಲ್ಲಿ. ನಾನು ಕಲಬುರಗಿಯಿಂದ ಹೋಗಿ ಕೇಳಿದೆ. "ಇದು ನಮ್ಮ ಸೊಸೈಟಿ ಪದ್ಧತಿ ಅದ. ಮೂರನೇ ಮಾಳಗಿಯವರೂ ಕೊಟ್ಟಾರ" ಅಂದರು. ಮಾತಿಗೆ ಮಾತು ಬೆಳೆಯಿತು. ಹೆಸರು ಹಚ್ಚುವ ತನಕ ಒಂದು ರೂಪಾಯಿ ಕಟ್ಟುವುದಿಲ್ಲ ಅಂತ ಹೇಳಿ ಬಂದೆ. ಅವ್ವನನ್ನು ತಮ್ಮ ವಿಜಯಪುರಕ್ಕೆ ಕರಕೊಂಡು ಹೋದ. ಜುಲೈಯಿಂದ ಫ್ಲ್ಯಾಟ್ ಬಾಡಿಗೆಗೆ ಕೊಟ್ಟೆವು. ಬಾಡಿಗೆ ಕರಾರಿನ ಪ್ರತಿಯನ್ನು ಸೊಸೈಟಿಗೆ ಕೊಡಬೇಕಾಗಿತ್ತು. ಸಿಟ್ಟಿನಲ್ಲಿ ಅದನ್ನೂ ಕೊಡಲಿಲ್ಲ. ಬಿಲ್ ಬರುತ್ತಿದ್ದವು, ಬಾಡಿಗೆದಾರರು ಫೋಟೋ ಕಳಿಸುತ್ತಿದ್ದರು, ನಾವು ಸುಮ್ನೆ ನೋಡಿ ಬಿಡುತ್ತಿದ್ದೆವು.

2024ರ ಸಂಕ್ರಾಂತಿಗೆ ಅವ್ವ ಸಿದ್ಧರಾಮೇಶ್ವರರ ಜಾತ್ರೆಗೆ ಸೊಲ್ಲಾಪುರಕ್ಕೆ ಬಂದಳು. ಏಳು ನಂದಿಧ್ವಜಗಳ ಮೆರವಣಿಗೆ ನೋಡದೆ ಅವಳಿಗೆ ಸಂಕ್ರಾಂತಿ ಇಲ್ಲ. ಬಾಡಿಗೆಯವರಿಗೆ ಎಳ್ಳು ಬೆಲ್ಲ ಕೊಟ್ಟು ಬರೋಣ ಅಂತ ಬಿಲ್ಡಿಂಗಿಗೆ ಹೋದಳು. ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಕಂಡಿತು. ಹೆಸರು ಹಚ್ಚಿದ್ದಾರೆ ಅಂತ ಅವಳಿಗೆ ಖುಷಿ ಆಯಿತಂತೆ. ಮೇಲಿನ ಸಾಲು ಓದಲು ಬರಲಿಲ್ಲ. ವಾಚಮನ್‌ನನ್ನು ಕೇಳಿದಳು. ಅವನು ನೆಲ ನೋಡುತ್ತ, "ಥಕಬಾಕಿದಾರ ಅಂತ ಬರದಾರ್ರೀ" ಅಂದ. ಪಕ್ಕದಲ್ಲಿ ಅಂಕಿ ಇತ್ತು. ಅಂಕಿ ಅವಳಿಗೆ ಓದಲು ಬರುತ್ತದೆ. 2,13,500.

ಎಳ್ಳು ಬೆಲ್ಲದ ಡಬ್ಬಿ ಹಾಗೇ ವಾಪಸ್ ತಗೊಂಡು ಬಂದಳು. ಇದನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ. ಯಾರ ಹತ್ತಿರವೂ ಕೈಗಡ ಕೇಳದೆ ಸಂಸಾರ ಮಾಡಿದವಳು ಅವಳು.

ಫೆಬ್ರುವರಿಯಲ್ಲಿ ಸಹಕಾರಿ ಉಪನಿಬಂಧಕರ ಕಚೇರಿಯಿಂದ ನೋಟಿಸ್ ಬಂತು. ಸೊಸೈಟಿ ವಸೂಲಿ ದಾಖಲೆಗೆ, ಅಂದರೆ ಬಾಕಿ ವಸೂಲಿ ಮಾಡಲು ಆ ಕಚೇರಿ ಕೊಡುವ ಪ್ರಮಾಣಪತ್ರಕ್ಕೆ, ಅರ್ಜಿ ಹಾಕಿತ್ತು. ಮಹಾರಾಷ್ಟ್ರದ ಸಹಕಾರಿ ಸಂಸ್ಥೆಗಳ ಕಾಯ್ದೆ 1960ರದು. 2019ರಲ್ಲಿ ಹೌಸಿಂಗ್ ಸೊಸೈಟಿಗಳಿಗೆ ಅಂತಲೇ ಅದರಲ್ಲಿ ಬೇರೆ ಅಧ್ಯಾಯ ಸೇರಿಸಿದ್ದಾರೆ. ಮೊದಲು ಜನ 101 ಕಲಂ ಅನ್ನುತ್ತಿದ್ದ ವಸೂಲಿ ಈಗ ಈ ಸೊಸೈಟಿಗಳಿಗೆ 154ಬಿ-29ರಲ್ಲಿ ನಡೆಯುತ್ತದೆ. ಇದು ಸಾದಾ ಸಿವಿಲ್ ಕೋರ್ಟಿನ ದಾವೆಯ ಹಾಗೆ ವರ್ಷಗಟ್ಟಲೆ ಎಳೆಯುವುದಿಲ್ಲ. ದಾಖಲೆ ಕೈಗೆ ಸಿಕ್ಕಿತೆಂದರೆ ಜಪ್ತಿ ತನಕ ಹೋಗಬಹುದು. ಅದರ ವಿರುದ್ಧ ಮೇಲೆ ಹೋಗಬೇಕಾದರೆ ಅರ್ಧ ಹಣವನ್ನು ಮೊದಲು ಠೇವಣಿ ಇಡಬೇಕು. ಹಾಗಾಗಿ ನೋಟಿಸ್ ಬಂದಾಗ ಮೊದಲ ತಾರೀಖಿಗೇ ಹಾಜರಾಗಿ. ಇಂಥ ನೋಟಿಸನ್ನು ಮಡಚಿ ಕಪಾಟಿನಲ್ಲಿ ಇಟ್ಟವರನ್ನು ನಾನು ಆ ಕಚೇರಿಯ ವರಾಂಡದಲ್ಲೇ ನೋಡಿದೆ.

ನಮಗೆ ಸಿಕ್ಕ ವಕೀಲರು ಕನ್ನಡದವರು. ಕಾಗದ ಎಲ್ಲ ನೋಡಿ ಅವರು ಕೇಳಿದ ಮೊದಲ ಮಾತು ಇದು: "ಒಂದು ಲಕ್ಷ ಕೊಡೂದಿಲ್ಲ ಅಂದದ್ದು ಬರೋಬರಿ ಅದ. ಆದರ ತಿಂಗಳದ 1,800 ಯಾಕ ನಿಲ್ಲಿಸಿದ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಲಿಫ್ಟ್ ಓಡಿತ್ತು, ನೀರಿನ ಪಂಪ್ ಓಡಿತ್ತು, ವಾಚಮನ್ ರಾತ್ರಿ ಕೂತಿದ್ದ. ಅದಕ್ಕೆ ಉಳಿದ 23 ಮನೆಯವರು ಹಣ ಕೊಟ್ಟಿದ್ದರು. ಕಚೇರಿಯಲ್ಲಿ ನಾವು ಏನೇ ಹೇಳಲು ಹೋದರೂ ಎದುರಿನವರದು ಒಂದೇ ಮಾತು, ಇವರು ಎರಡು ವರ್ಷದಿಂದ ಕಟ್ಟಿಲ್ಲ. ಅದು ನಿಜವೂ ಆಗಿತ್ತು, ಅಲ್ವಾ? ಡಿಫಾಲ್ಟರ್ ಅನ್ನಿಸಿಕೊಂಡವರು ಕಮಿಟಿ ಚುನಾವಣೆಗೂ ನಿಲ್ಲುವಂತಿಲ್ಲ. ಅಂದರೆ ಒಳಗಿನಿಂದ ಸರಿ ಮಾಡುವ ದಾರಿಯನ್ನೂ ನಾವೇ ಮುಚ್ಚಿಕೊಂಡಿದ್ದೆವು.

ಮಾಡಬೇಕಾಗಿದ್ದದ್ದು ಹೀಗೆ. ಒಪ್ಪುವ ಹಣವನ್ನು ಪ್ರತಿ ತಿಂಗಳು ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕಟ್ಟಬೇಕು. ಜೊತೆಗೆ ಒಂದು ಪತ್ರ: ಇಂತಿಷ್ಟು ಸೇವಾ ಶುಲ್ಕ ಕಟ್ಟಿದ್ದೇನೆ, ಇಂತಿಂಥ ಬಾಬತ್ತಿಗೆ ನನ್ನ ತಕರಾರು ಇದೆ, ಅದರ ಆಧಾರ ತೋರಿಸಿ. ಅದಕ್ಕೆ ಪೋಚ್ ತಗೊಳ್ಳಬೇಕು. ಕೊಡದಿದ್ದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಬಾಯಿ ಜಗಳಕ್ಕೆ ಸಾಕ್ಷಿ ಇರುವುದಿಲ್ಲ. ನಾನು ಕಾಕಾನ ಮನೆ ಬಾಗಿಲಲ್ಲಿ ಅರ್ಧ ಗಂಟೆ ಕೂಗಾಡಿದ್ದು ಯಾವ ಫೈಲಿನಲ್ಲೂ ಇಲ್ಲ.

ಇನ್ನು ಅವರು ಹಾಕಿದ ಲೆಕ್ಕ. 2023ರ ಡಿಸೆಂಬರ್ ತನಕ 24 ತಿಂಗಳ ಮೆಂಟೆನನ್ಸ್ 43,200. ಅಭಿವೃದ್ಧಿ ನಿಧಿ 1,00,000. ಬಾಡಿಗೆಗೆ ಕೊಟ್ಟದ್ದಕ್ಕೆ ತಿಂಗಳಿಗೆ 1,000ದಂತೆ 18 ತಿಂಗಳಿಗೆ 18,000. ಇದೆಲ್ಲದರ ಮೇಲೆ ಬಡ್ಡಿಗೆ ಬಡ್ಡಿ ಹಚ್ಚಿ 52,300.

ಒಂದೊಂದಾಗಿ ಹೇಳುತ್ತೇನೆ, ಯಾಕೆಂದರೆ ಇದೇ ಬಾಬತ್ತುಗಳು ನಿಮ್ಮ ಬಿಲ್ಲಿನಲ್ಲೂ ಇರಬಹುದು. ಫ್ಲ್ಯಾಟ್ ಮಾರಿದಾಗ ಸೊಸೈಟಿ ತಗೊಳ್ಳುವ ವರ್ಗಾವಣೆ ಪ್ರೀಮಿಯಂಗೆ ಮಹಾನಗರಪಾಲಿಕೆ ಊರುಗಳಲ್ಲಿ 25,000 ರೂಪಾಯಿಯ ಮಿತಿ ಇದೆ. 2001ರ ಆಗಸ್ಟಿನ ಸರ್ಕಾರಿ ಆದೇಶ ಅದು. ತೀರಿಕೊಂಡ ಸದಸ್ಯನ ವಾರಸುದಾರರಿಗೆ ಆ ಪ್ರೀಮಿಯಂ ಕೂಡ ಇಲ್ಲ. ವರ್ಗಾವಣೆ ಫೀ 500, ಪ್ರವೇಶ ಫೀ 100, ಮುಗಿಯಿತು. ದೇಣಿಗೆ, ನಿಧಿ, ಇನ್ಯಾವುದೋ ಹೆಸರು ಕೊಟ್ಟು ಹೆಚ್ಚಿಗೆ ತಗೊಳ್ಳಬಾರದು ಅಂತ ಮಾದರಿ ಉಪವಿಧಿಯಲ್ಲೇ (ಸೊಸೈಟಿ ನಡೆಸುವ ನಿಯಮಗಳ ಸರ್ಕಾರಿ ಮಾದರಿ) ಬರೆದಿದೆ. ನಮ್ಮ ಸೊಸೈಟಿ ಅದೇ ಉಪವಿಧಿಗೆ ಠರಾವು (ನಿರ್ಣಯ) ಮಾಡಿ ಸಹಿ ಹಾಕಿತ್ತು. ಅದರ ಪ್ರತಿಯನ್ನು ನಾವು ಕೇಳಿರಲೇ ಇಲ್ಲ.

ಬಾಡಿಗೆಗೆ ಕೊಟ್ಟರೆ ತಗೊಳ್ಳುವ ನಾನ್ ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇ. 10ಕ್ಕಿಂತ ಜಾಸ್ತಿ ಇರಬಾರದು. ಇದೂ 2001ರ ಆದೇಶವೇ. 2007ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಸೇವಾ ಶುಲ್ಕ ಅಂದರೆ ಪೂರ್ತಿ ಬಿಲ್ ಅಲ್ಲ ಅನ್ನುವುದನ್ನು ಗಮನಿಸಿ. ನಮ್ಮ 1,800ರಲ್ಲಿ ಪಾಲಿಕೆಯ ತೆರಿಗೆ, ನೀರು, ದುರಸ್ತಿ ನಿಧಿ ಎಲ್ಲ ತೆಗೆದರೆ ಸೇವಾ ಶುಲ್ಕ 900. ಅದರ ಹತ್ತನೇ ಒಂದು ಭಾಗ 90. ತಿಂಗಳಿಗೆ 90 ರೂಪಾಯಿ ತಗೊಳ್ಳಬೇಕಾದ ಕಡೆ 1,000 ಬರೆದಿದ್ದರು.

ಬಡ್ಡಿ ಆಗಿನ ಮಾದರಿ ಉಪವಿಧಿಯಂತೆ ವರ್ಷಕ್ಕೆ ಶೇ. 21ರ ತನಕ ಇತ್ತು, ಅದೂ ಸರಳ ಬಡ್ಡಿ. ಅವರು ಹಚ್ಚಿದ್ದು ಶೇ. 24, ಅದೂ ಚಕ್ರಬಡ್ಡಿ.

ಅವ್ವ ಸಹಿ ಮಾಡಿದ ಸಂಮತಿಪತ್ರವನ್ನು ಅವರು ಮುಂದೆ ಇಟ್ಟರು. ನಿಯಮದಲ್ಲಿ ಇಲ್ಲದ ಹಣ ಸಹಿ ಇದೆ ಅಂದ ಮಾತ್ರಕ್ಕೆ ಸೊಸೈಟಿ ಬಾಕಿ ಆಗುವುದಿಲ್ಲ ಅಂತ ನಮ್ಮ ವಕೀಲರು ವಾದಿಸಿದರು. ಜೂನಿನಲ್ಲಿ ಆದೇಶ ಬಂತು. ಒಂದು ಲಕ್ಷ ತೆಗೆದು ಹಾಕಿದರು. ಮೆಂಟೆನನ್ಸ್ 43,200, ಅದರ ಬಡ್ಡಿ 8,694, ನಾನ್ ಆಕ್ಯುಪೆನ್ಸಿ ಶುಲ್ಕ 1,620, ಅದರ ಬಡ್ಡಿ 241. ಒಟ್ಟು 53,755. ಅದನ್ನು ಒಂದೇ ಕಂತಿನಲ್ಲಿ ಕಟ್ಟಿದೆವು. ವಕೀಲರ ಫೀ, ಓಡಾಟ, ರಜೆ ಬೇರೆ. ಗೆದ್ದಿರಿ ಅಂತ ಜನ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಿಂಗಳ ತಿಂಗಳ ಕಟ್ಟಿದ್ದರೆ ಆ ಬಡ್ಡಿಯೂ ಇಲ್ಲ, ಆ ಬೋರ್ಡೂ ಇಲ್ಲ.

ಹೆಸರು ವರ್ಗಾವಣೆಗೆ ಹೊಸದಾಗಿ ಅರ್ಜಿ ಹಾಕಿದೆವು. ನಾವು ಮಕ್ಕಳು ಅವ್ವನ ಹೆಸರಿಗೆ ಹಕ್ಕುಸೋಡ ಪತ್ರ (ನಮ್ಮ ಪಾಲಿನ ಹಕ್ಕು ಬಿಟ್ಟುಕೊಡುವ ಪತ್ರ) ನೋಂದಾಯಿಸಿ ಜೊತೆಗೆ ಇಟ್ಟೆವು. ಈ ಸಲ ರಿಜಿಸ್ಟರ್ ಅಂಚೆ. ಸದಸ್ಯತ್ವದ ಅರ್ಜಿಗೆ ಸೊಸೈಟಿ ಮೂರು ತಿಂಗಳಲ್ಲಿ ತೀರ್ಮಾನ ಹೇಳಬೇಕು. ಮೊದಲ ಅರ್ಜಿಗೆ ಪೋಚ್ ಇಲ್ಲದ್ದರಿಂದ ಆ ಲೆಕ್ಕ ಶುರುವೇ ಆಗಿರಲಿಲ್ಲ. ಈಗ ಶುರುವಾಯಿತು, ಅವಧಿ ಮುಗಿಯುವ ಮೊದಲೇ ಠರಾವು ಮಾಡಿ ಹೆಸರು ಹಚ್ಚಿದರು. ಒಂದು ಮಾತು ನೆನಪಿರಲಿ. ನಾಮಿನಿ ಅಂದರೆ ಮಾಲೀಕ ಅಲ್ಲ. ನಾಮಿನೇಶನ್ ಇದ್ದರೂ ವಾರಸುದಾರರ ಹಕ್ಕು ಬೇರೆಯೇ ಇರುತ್ತದೆ. ಅಣ್ಣತಮ್ಮಂದಿರು ಮೊದಲೇ ಕೂತು ಮಾತಾಡಿಕೊಳ್ಳಿ.

ಎಲ್ಲಿ ಹೋಗಬೇಕು ಅನ್ನುವುದರಲ್ಲೂ ನಾವು ನಾಲ್ಕು ತಿಂಗಳು ಕಳೆದೆವು. ಪೊಲೀಸ್ ಠಾಣೆಗೆ ಹೋದೆವು, ಅವರು ಇದು ನಮ್ಮ ಕೆಲಸ ಅಲ್ಲ ಅಂದರು, ಅದು ಸರಿಯೇ. ಸದಸ್ಯತ್ವ, ವಸೂಲಿ, ದಾಖಲೆ ತೋರಿಸದಿರುವುದು, ಇವಕ್ಕೆ ಉಪನಿಬಂಧಕರ ಕಚೇರಿ. ಠರಾವೇ ತಪ್ಪು, ಕಮಿಟಿಯ ಕಾರಭಾರವೇ ತಪ್ಪು ಅನ್ನುವ ತಂಟೆಗೆ 91ನೇ ಕಲಂ ಪ್ರಕಾರ ಸಹಕಾರಿ ನ್ಯಾಯಾಲಯ.

ಬೋರ್ಡಿನಿಂದ ಅವ್ವನ ಹೆಸರು ಈಗ ಇಳಿದಿದೆ. ಕಾಕಾ ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಾರೆ. ಅವ್ವ ಮಾತ್ರ ಇನ್ನೂ "ಆರಾಮ ಇದ್ದೀರೇನ್ರಿ" ಅಂತ ಕೇಳುತ್ತಾಳೆ.

ಹೋದ ವಾರ ಮೂರನೇ ಮಾಳಗಿಯ ಆ ಅಜ್ಜಿ ಫೋನ್ ಮಾಡಿದ್ದರು. ಗಂಡ ತೀರಿಕೊಂಡಾಗ ಒಂದು ಲಕ್ಷ ಕೊಟ್ಟವರು ಅವರೇ. ರಸೀದಿ ಇಟ್ಟಿದ್ದಾರೆ. ಅದರಲ್ಲಿ ದೇಣಿಗೆ ಅಂತ ಬರೆದಿದೆಯಂತೆ. ಅವರಿಗೂ ಓದಲು ಬರುವುದು ಕನ್ನಡ ಮಾತ್ರ, ಮೊಮ್ಮಗಳು ಓದಿ ಹೇಳಿದಳಂತೆ. ನಮ್ಮ ಆದೇಶದ ಪ್ರತಿ ಕೇಳಿದರು. ಬರುವ ಸೋಮವಾರ ಅದನ್ನು ತಗೊಂಡು ಅವರ ಜೊತೆ ವಕೀಲರ ಹತ್ತಿರ ಹೋಗುತ್ತಿದ್ದೇನೆ.