ಕನ್ನಡ ಅಕ್ಷರದ ಈಮೇಲ್ ವಿಳಾಸ: ಕೆಲವು ವರ್ಷ ಬಳಸಿದ ಮೇಲೆ

ಕನ್ನಡ ಲಿಪಿಯ ಈಮೇಲ್ ವಿಳಾಸ ನಿಜಕ್ಕೂ ಕೆಲಸ ಮಾಡುತ್ತಾ? ಮಾಡುತ್ತದೆ. ಪತ್ರ ಹೋಗುತ್ತದೆ, ಉತ್ತರ ಬರುತ್ತದೆ. ಕಷ್ಟವೆಲ್ಲ ಇರುವುದು ವೆಬ್‌ಸೈಟುಗಳ ಫಾರ್ಮುಗಳಲ್ಲಿ ಮತ್ತು ಲಿಂಕುಗಳಲ್ಲಿ.

ನಮ್ಮದು ಧಾರವಾಡದ ಸಣ್ಣ ಪುಸ್ತಕ ಪ್ರಕಾಶನ. ‘.ಭಾರತ’ ಡೊಮೈನನ್ನು, ಅಂದರೆ @ ಚಿಹ್ನೆಯ ಬಲಕ್ಕೆ ಬರುವ ಹೆಸರನ್ನು, ಕನ್ನಡದಲ್ಲೇ ತೆಗೆದುಕೊಂಡು, @ ಚಿಹ್ನೆಯ ಎಡಕ್ಕೆ ‘ಓದುಗರು’ ಅಂತ ಇಟ್ಟಿದ್ದೇವೆ. ಪುಸ್ತಕಗಳ ಬೆನ್ನಪುಟದಲ್ಲಿ ಇದನ್ನೇ ಅಚ್ಚು ಹಾಕುತ್ತಾ ಬಂದಿದ್ದೇವೆ.

ಇದರ ದೊಡ್ಡ ಲಾಭ ಗೊತ್ತಾಗುವುದು ಫೋನಿನಲ್ಲಿ ವಿಳಾಸ ಹೇಳುವಾಗ. ಇಂಗ್ಲಿಷಿನಲ್ಲಿ ಹೇಳಿದರೆ ಪ್ರಶ್ನೆ ಮೇಲೆ ಪ್ರಶ್ನೆ. ‘ಪ್ರಕಾಶನ’ದ ಕೊನೆಗೆ ಎ ಇದೆಯಾ, ಇಲ್ವಾ? ‘ಕಾ’ಗೆ ಎ ಒಂದೋ, ಎರಡೋ? ‘ಲಕ್ಷ್ಮಿ’ಗೆ ಕೆ-ಎಸ್-ಎಚ್ ಬರೆಯಬೇಕಾ, ಎಕ್ಸ್ ಸಾಕಾ? ಕನ್ನಡದಲ್ಲಿ ಈ ಗೋಳೇ ಇಲ್ಲ. ‘ಓದುಗರು’ ಅಂದರೆ ‘ಓದುಗರು’, ಅಷ್ಟೇ. ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಬಳಸುವ ಹಿರಿಯ ಓದುಗರು ಈಗ ನೇರವಾಗಿ ಬರೆಯುತ್ತಾರೆ. ಪುಸ್ತಕದಲ್ಲಿ ಕಂಡದ್ದನ್ನು ಹಾಗೇ ಟೈಪ್ ಮಾಡಿದರೆ ಆಯಿತು. ನನಗೆ ಈ ಒಂದು ಕಾರಣವೇ ಸಾಕು.

ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದುಕೊಂಡರೆ ಎಲ್ಲಿ ಎಡವುತ್ತದೆ ಅನ್ನುವುದೂ ತಿಳಿಯುತ್ತದೆ. ಡೊಮೈನ್ ಹೆಸರಿಗೆ 2003ರಿಂದಲೇ ಒಂದು ದಾರಿ ಇದೆ. ಕನ್ನಡ ಹೆಸರನ್ನು ಒಳಗಿಂದೊಳಗೆ ‘ಪ್ಯೂನಿಕೋಡ್’ ಅನ್ನುವ ಇಂಗ್ಲಿಷ್ ಅಕ್ಷರಗಳ ಸಾಲಿಗೆ ತಿರುಗಿಸುತ್ತಾರೆ. ಹಳೆಯ ಸರ್ವರುಗಳಿಗೂ ಅದು ಅರ್ಥವಾಗುತ್ತದೆ. ಆದರೆ @ ಚಿಹ್ನೆಯ ಎಡಭಾಗಕ್ಕೆ ಈ ಉಪಾಯ ನಡೆಯುವುದಿಲ್ಲ. ಅದಕ್ಕಾಗಿ 2012ರಲ್ಲಿ ಬೇರೆ ನಿಯಮಗಳು ಬಂದವು. ಇಂಟರ್ನೆಟ್ಟಿನ ಇಂಥ ನಿಯಮಗಳ ದಾಖಲೆಗೆ ‘ಆರ್‌ಎಫ್‌ಸಿ’ ಅನ್ನುತ್ತಾರೆ. ಆರ್‌ಎಫ್‌ಸಿ 6531ರಲ್ಲಿರುವ ‘ಎಸ್‌ಎಂಟಿಪಿ ಯುಟಿಎಫ್8’ ಅದರಲ್ಲಿ ಮುಖ್ಯ. ಕಳಿಸುವ ಸರ್ವರ್ ಮಾತು ಶುರು ಮಾಡಿದಾಗ, ಎದುರಿನ ಸರ್ವರ್ ತನಗೆ ಇದು ಬರುತ್ತದೆ ಅಂತ ಹೇಳಬೇಕು. ದಾರಿಯಲ್ಲಿ ಒಂದೇ ಒಂದು ಸರ್ವರಿಗೆ ಬರದಿದ್ದರೂ ಪತ್ರ ವಾಪಸ್ಸು.

ಹಾಗಂತ ಎಲ್ಲೂ ಬರುವುದಿಲ್ಲ ಅಂತಲ್ಲ. ಜಿಮೇಲ್ 2014ರ ಆಗಸ್ಟಿನಿಂದ ಇಂಥ ವಿಳಾಸಗಳಿಗೆ ಪತ್ರ ಕಳಿಸುತ್ತದೆ, ಅಲ್ಲಿಂದ ಬಂದದ್ದನ್ನು ತೆಗೆದುಕೊಳ್ಳುತ್ತದೆ. ಜಿಮೇಲಿನಲ್ಲಿ ಕನ್ನಡದ ಖಾತೆ ತೆರೆಯಲು ಮಾತ್ರ ಆಗುವುದಿಲ್ಲ. ಸರ್ವರುಗಳಲ್ಲಿ ತುಂಬಾ ಬಳಕೆಯಲ್ಲಿರುವ ಈಮೇಲ್ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಇದನ್ನು ಕಲಿತಿದೆ. ಮೈಕ್ರೋಸಾಫ್ಟ್ 2018ರ ಫೆಬ್ರವರಿಯಲ್ಲಿ 15 ಭಾರತೀಯ ಭಾಷೆಗಳ ಈಮೇಲ್ ವಿಳಾಸಗಳಿಗೆ ಬೆಂಬಲ ಪ್ರಕಟಿಸಿತು. ನಮಗೆ ಬರೆಯುವ ಓದುಗರಲ್ಲಿ ಜಾಸ್ತಿ ಜನ ಇಂಥ ದೊಡ್ಡ ಸೇವೆಗಳಲ್ಲೇ ಇರುವುದರಿಂದ ಪತ್ರಗಳು ಸಲೀಸಾಗಿ ಬರುತ್ತವೆ.

ಸಣ್ಣ ಕಂಪನಿ, ಹಳೆಯ ಕಾಲೇಜು ಸರ್ವರು, ಕೆಲವು ಕಚೇರಿಗಳು — ಇಲ್ಲಿ ಪತ್ರ ತಲುಪುವುದು ಗ್ಯಾರಂಟಿ ಇಲ್ಲ. ಕಳಿಸಿದವರ ವಿಳಾಸ ಕನ್ನಡದಲ್ಲಿದ್ದರೂ ತಡೆಯೇ. ಅಂದರೆ ಪತ್ರ ಪಡೆಯುವವರ ವಿಳಾಸ ಪೂರ್ತಿ ಇಂಗ್ಲಿಷಿನಲ್ಲಿದ್ದರೂ ನಮ್ಮ ಕನ್ನಡ ವಿಳಾಸದಿಂದ ಹೊರಟ ಪತ್ರ ಹಿಂದಿರುಗಬಹುದು. ಅದಕ್ಕೇ ನಾವು ಅದೇ ಅಂಚೆಪೆಟ್ಟಿಗೆಗೆ ಒಂದು ಇಂಗ್ಲಿಷ್ ವಿಳಾಸವನ್ನೂ ಜೋಡಿಸಿದ್ದೇವೆ. ಪತ್ರ ಯಾವುದಕ್ಕೆ ಬಂದರೂ ಒಂದೇ ಕಡೆ ಬೀಳುತ್ತದೆ. ಹಳೆಯ ಸರ್ವರುಗಳಿಗೆ ಬರೆಯುವಾಗ ಇಂಗ್ಲಿಷ್ ವಿಳಾಸದಿಂದ ಕಳಿಸುತ್ತೇವೆ. ಅದರ ಪಕ್ಕದಲ್ಲಿ ಕಾಣುವ ಪ್ರಕಾಶನದ ಹೆಸರು ಆಗಲೂ ಕನ್ನಡದಲ್ಲೇ ಇರುತ್ತದೆ. ಹೆಸರನ್ನು ಹೀಗೆ ತೋರಿಸುವ ಕ್ರಮ 1990ರ ದಶಕದಿಂದಲೇ ಇದೆ, ಅದಕ್ಕೆ ಎಲ್ಲೂ ತಕರಾರಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಫಾರ್ಮುಗಳ ಮೇಲೆ. ಒಂದು ಬ್ಯಾಂಕು, ಒಂದು ಕೊರಿಯರ್ ಕಂಪನಿ, ಒಂದು ಸರ್ಕಾರಿ ಅರ್ಜಿ — ಎಲ್ಲ ಕಡೆ ಕೆಂಪು ಅಕ್ಷರದಲ್ಲಿ ಒಂದೇ ಮಾತು: ‘ಸರಿಯಾದ ಈಮೇಲ್ ನಮೂದಿಸಿ’. ವಿಳಾಸ ಸರಿಯಾಗಿಯೇ ಇದೆ ಸ್ವಾಮಿ! ಅದನ್ನು ಪರೀಕ್ಷಿಸುವ ಕೋಡಿನಲ್ಲಿ ಎ ಇಂದ ಝಡ್ ತನಕ ಮಾತ್ರ ಬರೆದಿದ್ದಾರೆ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಈಮೇಲ್ ತುಂಬುವ ಪೆಟ್ಟಿಗೆಗೆ ಮೊದಲಿನಿಂದ ಇದ್ದ ನಿಯಮವೇ ಎಡಭಾಗದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಬಿಟ್ಟು ಬೇರೇನೂ ಒಪ್ಪುತ್ತಿರಲಿಲ್ಲ. ಕೋಡ್ ಬರೆಯುವ ಕನ್ನಡಿಗರಲ್ಲಿ ನನ್ನದೊಂದು ಬೇಡಿಕೆ. @ ಇದೆಯಾ, ಎರಡೂ ಕಡೆ ಏನಾದರೂ ಇದೆಯಾ ನೋಡಿ. ಆಮೇಲೆ ಒಂದು ದೃಢೀಕರಣದ ಪತ್ರ ಕಳಿಸಿ. ವಿಳಾಸ ನಿಜವೋ ಸುಳ್ಳೋ ಅದರಿಂದಲೇ ತಿಳಿಯುತ್ತದೆ. ರಾಜಸ್ಥಾನ ಸರ್ಕಾರ 2017ರಲ್ಲೇ ‘ರಾಜಸ್ಥಾನ.ಭಾರತ’ ಡೊಮೈನಿನಲ್ಲಿ ಜನರಿಗೆ ಹಿಂದಿ ಈಮೇಲ್ ಕೊಡಲು ಶುರು ಮಾಡಿತು. ಫಾರ್ಮುಗಳು ತಿರಸ್ಕರಿಸಿದರೆ ಅಂಥ ವಿಳಾಸ ಕೈಯಲ್ಲಿದ್ದೂ ಏನು ಪ್ರಯೋಜನ, ಅಲ್ವಾ?

ಲಿಂಕುಗಳ ಕಥೆ ಇನ್ನೊಂದು. ಸಂದೇಶದಲ್ಲಿ ಇಂಗ್ಲಿಷ್ ವಿಳಾಸ ಬರೆದರೆ ಅದು ತಾನಾಗಿ ನೀಲಿ ಲಿಂಕ್ ಆಗುತ್ತದೆ. ಕನ್ನಡದ್ದು ಎಷ್ಟೋ ಆ್ಯಪುಗಳಲ್ಲಿ ಬರೀ ಪಠ್ಯವಾಗಿ ಉಳಿಯುತ್ತದೆ. ಕನ್ನಡ ಇಂಗ್ಲಿಷ್ ಬೆರೆಸಿದ ವಿಳಾಸವಾದರೆ ಇನ್ನೂ ಅಪಾಯ: ಇಂಗ್ಲಿಷ್ ತುಂಡಷ್ಟೇ ಲಿಂಕ್ ಆಗಿ, ಪತ್ರ ಬೇರೆ ಯಾರಿಗೋ ಹೋಗಬಹುದು. ನಿಮ್ಮದೇ ವೆಬ್‌ಸೈಟಿನಲ್ಲಿ ಒತ್ತಿದರೆ ಪತ್ರದ ಪುಟ ತೆರೆಯುವ ‘ಮೇಲ್‌ಟು’ ಲಿಂಕ್ ಹಾಕುವುದಾದರೆ 2010ರ ಆರ್‌ಎಫ್‌ಸಿ 6068 ನೋಡಿ. ಕಣ್ಣಿಗೆ ಕಾಣುವ ಪಠ್ಯ ಕನ್ನಡದಲ್ಲೇ ಇರಲಿ. ಲಿಂಕಿನ ಒಳಗೆ ಮಾತ್ರ ಕನ್ನಡ ಅಕ್ಷರಗಳ ಪ್ರತಿ ಬೈಟನ್ನೂ (ಕಂಪ್ಯೂಟರಿನಲ್ಲಿ ಅಕ್ಷರ ಉಳಿಸುವ ಅಳತೆ) ಶೇಕಡಾ (%) ಚಿಹ್ನೆಯ ಸಂಕೇತವಾಗಿ ಬರೆಯಬೇಕು. ನಮ್ಮ ಸೈಟಿನಲ್ಲಿ ಹೀಗೆ ಬದಲಿಸಿದ ಮೇಲೆ ಹಳೆಯ ಫೋನುಗಳಲ್ಲೂ ಒತ್ತಿದರೆ ಪತ್ರದ ಪುಟ ತೆರೆಯುತ್ತಿದೆ.

ಕನ್ನಡಕ್ಕೇ ಸೇರಿದ ಕೆಲವು ಸೂಕ್ಷ್ಮಗಳಿವೆ, ಹೆಸರು ಆರಿಸುವ ಮೊದಲೇ ಯೋಚಿಸಿ. ಎಡಭಾಗಕ್ಕೆ ಇರುವ ಮಿತಿ 64 ಬೈಟು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು, ಒತ್ತು, ಗುಣಿತವೂ ಲೆಕ್ಕಕ್ಕೆ ಸೇರುತ್ತವೆ. ‘ಶ್ರೀನಿವಾಸಮೂರ್ತಿ’ ಒಂದೇ 45 ಬೈಟು! ‘ರಾಜ್‌ಕುಮಾರ್’ ಥರದ ಹೆಸರಿನಲ್ಲಿ ‘ಜ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಅದಿಲ್ಲದಿದ್ದರೆ ‘ಕು’ ಒತ್ತಾಗಿ ಕೆಳಗೆ ಸೇರಿಕೊಳ್ಳುತ್ತದೆ. ಒಂದು ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಸರ್ವರಿಗೆ ಅವೆರಡೂ ಬೇರೆ ಬೇರೆ ವಿಳಾಸ. ಸೊನ್ನೆ ‘೦’ ಮತ್ತು ಅನುಸ್ವಾರ ಹೆಚ್ಚುಕಮ್ಮಿ ಒಂದೇ ಥರ ಕಾಣುವುದರಿಂದ ಕನ್ನಡ ಅಂಕಿಗಳೂ ಬೇಡ. ಚಿಕ್ಕದು, ಎಲ್ಲರಿಗೂ ಟೈಪ್ ಮಾಡಲು ಬರುವ ಪದ ಇಟ್ಟುಕೊಳ್ಳಿ.

ಐದಕ್ಕೆ ಮೂರೂವರೆ ನಕ್ಷತ್ರ ಕೊಡುತ್ತೇನೆ. ಫಾರ್ಮುಗಳು ಸರಿಹೋದ ದಿನ ಐದಕ್ಕೆ ಐದು. ಲೇಖಕರು, ಪ್ರಕಾಶಕರು, ಅಂಗಡಿಯವರು, ಸಂಘ ಸಂಸ್ಥೆಯವರು ಈಗಲೇ ತೆಗೆದುಕೊಳ್ಳಬಹುದು. ಬ್ಯಾಂಕು, ತೆರಿಗೆ ಕೆಲಸಕ್ಕೆ ಮಾತ್ರ ಸದ್ಯಕ್ಕೆ ಇಂಗ್ಲಿಷ್ ವಿಳಾಸವನ್ನೇ ಕೊಡಿ. ದುಡ್ಡು ಕಟ್ಟುವ ಮೊದಲು ಸೇವೆ ಕೊಡುವವರನ್ನು ಕೇಳಿ: ಕನ್ನಡ ವಿಳಾಸದಿಂದ ಕಳಿಸುವುದು, ಅದಕ್ಕೆ ಬಂದದ್ದನ್ನು ತೆಗೆದುಕೊಳ್ಳುವುದು ಎರಡೂ ಆಗುತ್ತಾ? ಇಂಗ್ಲಿಷ್ ವಿಳಾಸವನ್ನು ಅದೇ ಪೆಟ್ಟಿಗೆಗೆ ಜೋಡಿಸಿಕೊಡುತ್ತಾರಾ? ಲಾಗಿನ್ ಪುಟದಲ್ಲಿ ಕನ್ನಡದ ಹೆಸರು ಹಾಕಿದರೆ ಒಳಗೆ ಬಿಡುತ್ತಾ? ಅವರ ಎದುರಿಗೇ ಒಂದು ಜಿಮೇಲ್ ಖಾತೆಗೆ ಪತ್ರ ಕಳಿಸಿ, ಅದಕ್ಕೆ ಉತ್ತರ ತರಿಸಿಕೊಂಡು ನೋಡಿ.