ನಾಗಹಾಮಾಯಾ, ಇಚಿರಾನ್, ತೈಹೊ: ಹಂದಿ ಮೂಳೆ ರಾಮೆನ್‌ಗೆ ಎಲ್ಲಿಗೆ ಹೋಗಬೇಕು?

ಜಪಾನಿನ ಫುಕುವೋಕಾದಲ್ಲಿ ಒಂದೇ ಒಂದು ಬಟ್ಟಲು ತೊಂಕೊತ್ಸು ರಾಮೆನ್, ಅಂದರೆ ಹಂದಿ ಮೂಳೆ ಸಾರಿನ ನೂಡಲ್ಸ್, ತಿನ್ನುವಷ್ಟು ಸಮಯ ಇದ್ದರೆ ಗಾನ್ಸೊ ನಾಗಹಾಮಾಯಾಗೆ ಹೋಗಿ. ಟೋಕಿಯೋಗೆ ಕೆಲಸಕ್ಕೆ ಬಂದಾಗಿನಿಂದ ಈ ಅಂಗಡಿಯ ಹೆಸರು ಕೇಳುತ್ತಲೇ ಇದ್ದೆ. ಕೊನೆಗೂ ಈಗ ಹೋಗಿ ತಿಂದು ಬಂದೆ. ಅದೇ ಪ್ರವಾಸದಲ್ಲಿ ಫುಕುವೋಕಾದ ನಕಾಸು ಬಡಾವಣೆಯ ಇಚಿರಾನ್‌ನಲ್ಲೂ, ಪಕ್ಕದ ಊರು ಕುರುಮೆಯ ತೈಹೊದಲ್ಲೂ ತಿಂದೆ. ಮೂರು ಕಡೆಯೂ ಸಾರು ಹಂದಿ ಮೂಳೆಯದೇ. ಆದರೆ ಊಟ ಮಾತ್ರ ಬೇರೆ ಬೇರೆ.

ಇಷ್ಟು ದೂರ ಹೋಗಿದ್ದಕ್ಕೆ ಕಾರಣ ಟೋಕಿಯೋದಲ್ಲಿ ನನ್ನ ಆಫೀಸಿನ ಹತ್ತಿರ ಇರುವ ಒಂದು ರಾಮೆನ್ ಅಂಗಡಿ. ಅಲ್ಲಿ ಮೊದಲ ಸುತ್ತು ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಕಾಎದಾಮದಲ್ಲಿ. ಬಟ್ಟಲಲ್ಲಿ ನೂಡಲ್ಸ್ ಮುಗಿದ ಮೇಲೆ, ಉಳಿದ ಸಾರಿಗೇ ಇನ್ನೊಂದು ಹಿಡಿ ಬಿಸಿ ನೂಡಲ್ಸ್ ಹಾಕಿಸಿಕೊಳ್ಳುವುದಕ್ಕೆ ಕಾಎದಾಮ ಅನ್ನುತ್ತಾರೆ. ನನ್ನಂಥ ಅನ್ನ ತಿಂದು ಬೆಳೆದವರಿಗೆ ಒಂದು ಸುತ್ತು ಸಾಲುವುದಿಲ್ಲ. ಹಾಗಾಗಿ ನನಗೆ ಕಾಎದಾಮ ಬೇಕೇ ಬೇಕು.

ಎಷ್ಟೇ ಕೊಡವಿದರೂ ನೂಡಲ್ಸ್ ಜೊತೆ ಬೇಯಿಸಿದ ನೀರು ಸ್ವಲ್ಪ ಅಂಟಿಕೊಂಡೇ ಬರುತ್ತದೆ. ಅಷ್ಟು ಹೊತ್ತಿಗೆ ಬಟ್ಟಲಲ್ಲಿ ಸಾರೂ ಅರ್ಧ ಖಾಲಿ. ಆ ಅರ್ಧಕ್ಕೆ ನೀರು ಸೇರಿದರೆ ಉಪ್ಪು ಹೋಗುತ್ತದೆ, ಬಿಸಿ ಹೋಗುತ್ತದೆ, ಎರಡನೇ ಸುತ್ತು ಪೂರ್ತಿ ಸಪ್ಪೆ. ಆ ಅಂಗಡಿಯ ಮೇಜಿನ ಮೇಲೆ ಎಳ್ಳಿದೆ, ಮೆಣಸಿನ ಪುಡಿ ಇದೆ. ಉಪ್ಪು ಸರಿಮಾಡಿಕೊಳ್ಳಲು ಮಾತ್ರ ಏನೂ ಇಲ್ಲ. ಕೇಳಿದರೆ ಇಲ್ಲ ಅಂದರು. ದುಡ್ಡು ಕೊಟ್ಟು ಹಾಕಿಸಿಕೊಂಡ ನೂಡಲ್ಸನ್ನು ಬಟ್ಟಲಲ್ಲೇ ಬಿಟ್ಟು ಎದ್ದು ಬರುವುದು ಹೊಟ್ಟೆ ಉರಿಸುವ ಕೆಲಸ.

ನಾಗಹಾಮಾಯಾದಲ್ಲಿ ಮೇಜಿನ ಮೇಲೆ ಒಂದು ಕೆಟಲ್ ಇರುತ್ತದೆ. ಪಕ್ಕದಲ್ಲಿ ಚಹಾ ತುಂಬಿದ ಇನ್ನೊಂದು ಕೆಟಲ್. ಮೊದಲನೆಯದರಲ್ಲಿ ತಾರೆ, ಅಂದರೆ ಸಾರಿಗೆ ಉಪ್ಪು ರುಚಿ ಕೊಡುವ ಸೋಯಾ ಸಾಸಿನ ಕಂದು ದ್ರವ. ಕಾಎದಾಮ ಬಂದು ಬೀಳುತ್ತಿದ್ದಂತೆ ನೂಡಲ್ಸ್ ಮೇಲೇ ಸ್ವಲ್ಪ ಸುರಿದು ಕಲಸಿಕೊಳ್ಳಬೇಕು. ಸಾರು ಮತ್ತೆ ಮೊದಲಿನ ಹದಕ್ಕೆ ಬರುತ್ತದೆ. ನನ್ನ ಇಡೀ ತಕರಾರು ಒಂದು ಕೆಟಲ್‌ನಲ್ಲಿ ಮುಗಿಯಿತು! ಯಾರನ್ನೂ ಕೇಳಬೇಕಿಲ್ಲ, ಅದಕ್ಕೆ ಬೇರೆ ದುಡ್ಡೂ ಇಲ್ಲ.

ಈ ಏರ್ಪಾಡಿನ ಹಿಂದೆ ಕಾರಣ ಇದೆ. 1952ರಲ್ಲಿ ತಳ್ಳುಗಾಡಿಯಲ್ಲಿ ಶುರುವಾದ ಅಂಗಡಿ ಇದು. ತಿನ್ನಲು ಬರುತ್ತಿದ್ದವರು ಮೀನು ಮಾರುಕಟ್ಟೆಯವರು. ಅವರಿಗೆ ಕಾಯಲು ಪುರುಸೊತ್ತಿಲ್ಲ. ಬೇಗ ಬೇಯಲಿ ಅಂತ ನೂಡಲ್ಸ್ ಸಣ್ಣಗಾಯಿತು. ಸಣ್ಣ ನೂಡಲ್ಸ್ ಸಾರಲ್ಲಿ ಬೇಗ ಮೆತ್ತಗಾಗುತ್ತದೆ, ಒಮ್ಮೆಗೇ ಜಾಸ್ತಿ ಹಾಕುವ ಹಾಗಿಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪ, ಎರಡು ಸಲ. ಕಾಎದಾಮದ ಪದ್ಧತಿ ಈ ಅಂಗಡಿಯಿಂದಲೇ ಬಂತು ಅನ್ನುತ್ತಾರೆ. ಕೆಟಲ್ ನೋಡಿದ ಮೇಲೆ ನನಗೂ ನಂಬಿಕೆ ಬಂತು.

ಇಲ್ಲಿ ಮೆನು ಅಂತ ಏನೂ ಇಲ್ಲ, ರಾಮೆನ್ ಒಂದೇ. ಬಾಗಿಲಲ್ಲಿ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವಾಗಲೇ ನೂಡಲ್ಸ್ ಹೇಗೆ ಬೇಕು ಅಂತ ಹೇಳಿಬಿಡಬೇಕು. ‘ಕತಾ’ ಅಂದರೆ ಗಟ್ಟಿ, ‘ಯವಾ’ ಅಂದರೆ ಮೆತ್ತಗೆ. ಕೊಬ್ಬು ಜಾಸ್ತಿ ಬೇಕಿದ್ದರೆ ‘ಬೆತಾ’. ಸಾರು ನೋಡಲು ಬೆಳ್ಳಗಿದ್ದರೂ ಕುಡಿಯಲು ಹಗುರ. ಮಾಂಸ ಸಣ್ಣ ಸಣ್ಣ ಚೂರು, ಉಪ್ಪು ಮುಂದು. ಮೇಜಿನ ಮೇಲಿನ ಕೆಂಪು ಶುಂಠಿ ಉಪ್ಪಿನಕಾಯಿಯನ್ನು ಬಿಡಬೇಡಿ. ನಮ್ಮ ಕೊಡಗಿನ ಪಂದಿ ಕರಿಗೆ ಕಾಚಂಪುಳಿ ಮಾಡುವ ಕೆಲಸವನ್ನು ಇಲ್ಲಿ ಆ ಶುಂಠಿ ಮಾಡುತ್ತದೆ. ಕೊಬ್ಬಿನ ಜಿಡ್ಡು ಬಾಯಲ್ಲಿ ನಿಲ್ಲಲು ಬಿಡುವುದಿಲ್ಲ. ಕಾಎದಾಮ ಸೇರಿಸಿದರೂ 1000 ಯೆನ್ ನೋಟಿಗೆ ಚಿಲ್ಲರೆ ವಾಪಸ್ ಬಂತು.

ಒಂದು ಎಚ್ಚರ: ಸುತ್ತಮುತ್ತ ಹೆಚ್ಚುಕಮ್ಮಿ ಇದೇ ಹೆಸರಿನ ಬೇರೆ ಅಂಗಡಿಗಳೂ ಇವೆ. ಬೋರ್ಡಿನ ಫೋಟೋ ಫೋನಲ್ಲಿ ಇಟ್ಟುಕೊಂಡು ಹೋಗಿ.

ಇಚಿರಾನ್ ಒಬ್ಬರೇ ತಿನ್ನುವವರಿಗೆ ಹೇಳಿ ಮಾಡಿಸಿದ್ದು. ಎರಡೂ ಪಕ್ಕ ಹಲಗೆ, ಎದುರು ಪರದೆ, ಮುಂದೆ ಬಟ್ಟಲು ಮಾತ್ರ. ಕೊಬ್ಬು, ಬೆಳ್ಳುಳ್ಳಿ, ಖಾರದ ಕೆಂಪು ಸಾಸ್, ನೂಡಲ್ಸಿನ ಗಟ್ಟಿತನ ಎಲ್ಲವನ್ನೂ ಚೀಟಿಯಲ್ಲಿ ಗುರುತು ಹಾಕಿ ಕೊಡಬಹುದು. ಜಪಾನೀಸ್ ಬಾರದಿದ್ದರೂ ತೊಂದರೆ ಇಲ್ಲ. ಸಾರು ನಯವಾಗಿದೆ, ವಾಸನೆ ಕಡಿಮೆ. ಅಪ್ಪ ಅಮ್ಮ ಊರಿಂದ ಬಂದರೆ ನಾನು ಮೊದಲು ಕರೆದುಕೊಂಡು ಹೋಗುವುದು ಇಲ್ಲಿಗೇ. ಆದರೆ ಇದೇ ಅಂಗಡಿ ಟೋಕಿಯೋದಲ್ಲೂ ಇದೆ. ಕಾಎದಾಮ ಸೇರಿದರೆ 1000 ಯೆನ್ ದಾಟುತ್ತದೆ. ಇದಕ್ಕಾಗಿ ಫುಕುವೋಕಾವರೆಗೆ ಹೋಗಬೇಕಿಲ್ಲ, ಅಲ್ವಾ?

ಸಾರಿನ ಮಟ್ಟಿಗೆ ನೋಡಿದರೆ ತೈಹೊ ಮೂರರಲ್ಲೂ ಮುಂದು. ಇದನ್ನು ಒಪ್ಪಲೇಬೇಕು. ತೊಂಕೊತ್ಸು ಹುಟ್ಟಿದ್ದೇ ಕುರುಮೆಯಲ್ಲಿ. 1937ರಲ್ಲಿ ನಾಂಕಿನ್ ಸೆನ್ರ್ಯೊ ಅನ್ನುವ ತಳ್ಳುಗಾಡಿಯವರು ಹಂದಿ ಮೂಳೆಯ ಸಾರು ಶುರು ಮಾಡಿದರು. ಈಗಿನ ಬಿಳಿ ಸಾರು ಆಮೇಲೆ ಬಂದದ್ದು. 1947ರಲ್ಲಿ ಸಾನ್ಕ್ಯೂ ಅನ್ನುವ ಅಂಗಡಿಯಲ್ಲಿ ಸಾರು ಒಲೆಯ ಮೇಲೇ ಉಳಿದು, ಜೋರಾಗಿ ಕುದಿದು ಬೆಳ್ಳಗಾಯಿತಂತೆ. ಹಾಗೆ ಕುದಿದರೆ ಮೂಳೆಯ ಅಂಟು, ಮಜ್ಜೆ, ಕೊಬ್ಬು ಎಲ್ಲ ನೀರಲ್ಲಿ ಬೆರೆತು ಸಾರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. 1953ರಲ್ಲಿ ಶುರುವಾದ ತೈಹೊದಲ್ಲಿ ಸಾರಿನ ಹಂಡೆಯನ್ನು ಪೂರ್ತಿ ಖಾಲಿ ಮಾಡುವುದೇ ಇಲ್ಲ. ಹಳೆಯ ಸಾರಿಗೆ ಹೊಸದು ಸೇರಿಸುತ್ತಾ ಹೋಗುತ್ತಾರೆ. ಈ ಪದ್ಧತಿಗೆ ಯೊಬಿಮೊದೊಶಿ ಅಂತ ಹೆಸರು. ಮೊದಲ ಗುಟುಕಿಗೇ ಆ ಆಳ ಗೊತ್ತಾಗುತ್ತದೆ. ವಾಸನೆಯೂ ಅಷ್ಟೇ ಜೋರು. ಅಂಗಿಯಲ್ಲಿ ಹೋಟೆಲ್‌ವರೆಗೂ ಬಂತು. ನೂಡಲ್ಸ್ ಇಲ್ಲಿ ಸ್ವಲ್ಪ ದಪ್ಪ. ಕುರುಮೆಯ ಹಳೆಯ ರೂಢಿಯಲ್ಲಿ ಕಾಎದಾಮಕ್ಕೆ ಅಂಥ ಜಾಗವಿಲ್ಲ. ಸಾರೂ ದಟ್ಟ, ಒಂದು ಬಟ್ಟಲಿಗೇ ಹೊಟ್ಟೆ ಭಾರ.

ವರ್ಷಕ್ಕೊಮ್ಮೆ ತಿನ್ನುವವರಾದರೆ ಫುಕುವೋಕಾದ ತೆನ್ಜಿನ್‌ನಿಂದ ನಿಶಿತೆತ್ಸು ರೈಲು ಹತ್ತಿ ತೈಹೊಗೇ ಹೋಗಿ. ಅರ್ಧ ಗಂಟೆ ಚಿಲ್ಲರೆ ದಾರಿ. ನಾನು ರಾಮೆನ್ ತಿನ್ನುವುದು ಹಸಿವಿಗೆ, ಅದೂ ಪದೇ ಪದೇ. ಕಡಿಮೆ ದುಡ್ಡು, ಹಗುರ ಸಾರು, ಎರಡನೇ ಸುತ್ತಿಗೂ ಅದೇ ರುಚಿ. ನನಗೆ ಬೇಕಿರುವುದು ಇಷ್ಟೇ. ನಾಗಹಾಮಾಯಾ ಬೆಳಗ್ಗೆ ಬೇಗನೇ ಬಾಗಿಲು ತೆಗೆಯುತ್ತದೆ, ವಿಮಾನ ನಿಲ್ದಾಣದಿಂದ ಅಕಾಸಾಕಾವರೆಗೆ ಮೆಟ್ರೋ ನೇರ ಇದೆ, ಅಲ್ಲಿಂದ ನಡೆದೇ ಹೋಗಬಹುದು. ಮುಂದಿನ ಸಲ ಬೆಳಗಿನ ವಿಮಾನ ಇಳಿದವನು ಹೋಟೆಲ್‌ಗಿಂತ ಮೊದಲು ಅಲ್ಲಿಗೆ ಹೋಗುತ್ತೇನೆ. ಎರಡು ಸುತ್ತೂ ‘ಕತಾ’.