ನಡುವಿನ ಮುಳ್ಳು, ಫೋನಿನ ಅಂಕಿ, ಹೋಸಿನ ಮೀಟರ್: ನನ್ನ ಮಿಯಾಟಾದ ಬಿಸಿ ಅಳೆದದ್ದು

ನನ್ನದು 2000ನೇ ಇಸವಿಯ ಮಾಜ್ದಾ ಮಿಯಾಟಾ, 1.8 ಲೀಟರ್ ಎಂಜಿನ್. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಎರಡನೇ ಕೈಯಿಂದ ಕೊಂಡೆ. ಅದರ ಡ್ಯಾಶ್‌ಬೋರ್ಡಿನ ಕೂಲೆಂಟ್ ಮುಳ್ಳು, ಅಂದರೆ ಎಂಜಿನ್ ತಂಪಿಡುವ ನೀರಿನ ಬಿಸಿ ತೋರಿಸುವ ಮುಳ್ಳು, ಎರಡು ವರ್ಷ ಒಂದೇ ಜಾಗದಲ್ಲಿ ನಿಂತಿತ್ತು, ನಡುವಿಗಿಂತ ಒಂದು ಕೂದಲೆಳೆ ಕೆಳಗೆ. ಚಳಿಯಿರಲಿ, ಬಿಸಿಲಿರಲಿ, ಟ್ರಾಫಿಕ್ ಇರಲಿ, ಅದು ಅಲುಗುತ್ತಿರಲಿಲ್ಲ. ಎಲ್ಲ ಸರಿಯಾಗಿದೆ ಅಂತ ನೆಮ್ಮದಿಯಾಗಿದ್ದೆ.

ಆ ನೆಮ್ಮದಿ ಹೋದದ್ದು ಫೋನಿಗೆ ಬ್ಲೂಟೂತ್‌ನಲ್ಲಿ ಮಾತಾಡುವ ಒಂದು ಅಗ್ಗದ ಓಬಿಡಿ ಅಡಾಪ್ಟರ್ ತಂದ ದಿನ. ಓಬಿಡಿ ಅಂದರೆ ಎಂಜಿನ್ ಕಂಪ್ಯೂಟರಿನ ಮಾಹಿತಿ ಓದಲು ಕಾರಿನಲ್ಲಿರುವ ಸಾಕೆಟ್. 1996ರಿಂದ ಅಮೆರಿಕದಲ್ಲಿ ಮಾರಿದ ಪೆಟ್ರೋಲ್ ಕಾರುಗಳಲ್ಲಿ ಈ ಸಾಕೆಟ್ ಇದ್ದೇ ಇರುತ್ತದೆ. ಕೂಲೆಂಟ್ ಬಿಸಿಯನ್ನು ಕೇಳಿದರೆ ಎಂಜಿನ್ ಕಂಪ್ಯೂಟರ್ ಒಂದೇ ಒಂದು ಬೈಟ್, ಅಂದರೆ 0ರಿಂದ 255ರೊಳಗಿನ ಒಂದು ಅಂಕಿ, ಕಳಿಸುತ್ತದೆ. ಅದರಿಂದ 40 ಕಳೆದರೆ ಸೆಲ್ಸಿಯಸ್ ಡಿಗ್ರಿ ಸಿಗುತ್ತದೆ. ಜನವರಿಯ ಒಂದು ಬೆಳಿಗ್ಗೆ 280ನೇ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದಾಗ ಫೋನು 74 ತೋರಿಸಿತು. ಮುಳ್ಳು ಎಂದಿನಂತೆ ನಡುವೆ. ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಕವಾಟ ಥರ್ಮೋಸ್ಟಾಟ್. ಈ ಎಂಜಿನ್ನಿನದು 88ರ ಆಸುಪಾಸಿನಲ್ಲಿ ತೆರೆಯಬೇಕು. 74ರಲ್ಲೇ ಓಡುತ್ತಿದೆ ಅಂದರೆ ಅದು ತೆರೆದೇ ಸಿಕ್ಕಿಕೊಂಡಿದೆ. ಹೊಸದು ಹಾಕಿದ ಮೇಲೆ ಅದೇ ರಸ್ತೆಯಲ್ಲಿ 88, 89, 90. ಮುಳ್ಳಿಗೆ ಮೊದಲೂ ವ್ಯತ್ಯಾಸ ಗೊತ್ತಾಗಿರಲಿಲ್ಲ, ಆಮೇಲೂ ಗೊತ್ತಾಗಲಿಲ್ಲ.

ಇದು ಕೆಟ್ಟ ಮೀಟರ್ ಅಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಮುಳ್ಳು ಸ್ವಲ್ಪ ಏರಿಳಿದರೂ ಮಾಲೀಕರು ಗಾಬರಿಯಾಗಿ ವರ್ಕ್‌ಶಾಪಿಗೆ ಬರುತ್ತಾರೆಂದು ಅನೇಕ ಕಂಪನಿಗಳು ನಡುವಿನ ದೊಡ್ಡ ಪಟ್ಟಿಯನ್ನು ಚಪ್ಪಟೆ ಮಾಡಿಬಿಡುತ್ತವೆ. ನನ್ನ ಕಾರಿನಲ್ಲಿ 74ರಿಂದ 103ರವರೆಗೆ ಮುಳ್ಳು ಕದಲಿದ್ದನ್ನು ನಾನು ಕಂಡಿಲ್ಲ. ಇಪ್ಪತ್ತೊಂಬತ್ತು ಡಿಗ್ರಿಗೆ ಒಂದೇ ಉತ್ತರ! ಅದು ಎದ್ದು ಎಚ್ (ಹಾಟ್, ಬಿಸಿ) ಕಡೆ ಹೊರಟಿತು ಅಂದರೆ ಆಗಲೇ ಗಾಡಿ ನಿಲ್ಲಿಸಬೇಕಾದ ಹೊತ್ತು. ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯುಮಿನಿಯಂ ಹೆಡ್ (ಸಿಲಿಂಡರುಗಳ ಮೇಲಿನ ಭಾಗ) ಕೂತಿರುವ ಎಂಜಿನ್ನಿಗೆ ಇಷ್ಟು ತಡವಾದ ಎಚ್ಚರಿಕೆ ಸಾಲದು.

ಮೂರನೆಯದು ಮೇಲಿನ ರೇಡಿಯೇಟರ್ ಹೋಸನ್ನು ಕತ್ತರಿಸಿ, ನಡುವೆ ಒಂದು ಲೋಹದ ಕೊಳವೆ ಕೂಡಿಸಿ, ಅದಕ್ಕೆ ಸೆನ್ಸರ್ ತಿರುಗಿಸಿ ಹಾಕುವ ಪ್ರತ್ಯೇಕ ಮೀಟರ್. ನೋಡಲು ಬಹಳ ಚೆಂದ, ಸ್ಪೋರ್ಟ್ಸ್ ಕಾರಿಗೆ ಒಪ್ಪುತ್ತದೆ. ಆದರೆ ಆ ಹೋಸ್ ಥರ್ಮೋಸ್ಟಾಟಿನ ಆಚೆ ಇದೆ. ಬೆಳಿಗ್ಗೆ ಫೋನು 80 ಅನ್ನುವಾಗಲೂ ಮೀಟರ್ 30ರಲ್ಲಿ ಮಲಗಿರುತ್ತದೆ. ಥರ್ಮೋಸ್ಟಾಟ್ ಬಾಯಿ ತೆರೆದ ಕೂಡಲೇ ದಡಬಡಿಸಿ ಮೇಲೇಳುತ್ತದೆ. ಥರ್ಮೋಸ್ಟಾಟ್ ಕೆಲಸ ಮಾಡುತ್ತಿದೆಯೇ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಎಂಜಿನ್ ಎಷ್ಟು ಬಿಸಿಯಾಗಿದೆ ಅನ್ನುವುದಕ್ಕೆ ಮಾತ್ರ ಫೋನಿನ ಅಂಕಿಯನ್ನೇ ನಂಬುತ್ತೇನೆ.

ಅದಕ್ಕೆ ಕಾರಣ ಈ ಎಂಜಿನ್ನಿನ ಹುಟ್ಟಿನಲ್ಲೇ ಇದೆ. ಇದು ಮೂಲತಃ ಮುಂಚಕ್ರ ಎಳೆಯುವ ಮಾಜ್ದಾಗಳಲ್ಲಿ ಅಡ್ಡಡ್ಡ ಕೂರುತ್ತಿದ್ದ ಎಂಜಿನ್ ಕುಟುಂಬದ್ದು. ಮಿಯಾಟಾದಲ್ಲಿ ಉದ್ದುದ್ದ ತಿರುಗಿಸಿದಾಗ ನೀರು ಹೊರಬರುವ ದಾರಿಯನ್ನು ಮುಂದಕ್ಕೆ ತಂದರು. ಹಾಗಾಗಿ ಹಿಂದಿನ ನಾಲ್ಕನೇ ಸಿಲಿಂಡರಿಗೆ ನೀರಿನ ಓಡಾಟ ಕಡಿಮೆ. ರೇಸಿಗೆ ಇಳಿಯುವವರು ದುಡ್ಡು ಸುರಿದು ನೀರಿನ ದಾರಿಯನ್ನೇ ಹಿಂದಕ್ಕೆ ಬದಲಿಸುವುದು ಇದಕ್ಕಾಗಿಯೇ. ಕಂಪ್ಯೂಟರಿನ ಸೆನ್ಸರ್ ಇರುವುದೂ ಹೆಡ್ಡಿನ ಹಿಂತುದಿಯಲ್ಲೇ, ಅಂದರೆ ಭಯಪಡಬೇಕಾದ ಜಾಗದ ಪಕ್ಕದಲ್ಲಿ.

ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ಗೆ ಹೋಗುವಾಗ ಐ-5ರ ಗ್ರೇಪ್‌ವೈನ್ ಏರಿನಲ್ಲಿ ಮೂರನ್ನೂ ಒಟ್ಟಿಗೆ ನೋಡಿದೆ. ಹೊರಗೆ 41 ಡಿಗ್ರಿ, ಏಸಿ ಹಾಕಿತ್ತು. ಫೋನು 103, ಹೋಸಿನ ಮೀಟರ್ ಅದಕ್ಕಿಂತ ಮೂರು ಕಡಿಮೆ, ಮುಳ್ಳು ನಡುವೆ. ಏಸಿ ಆರಿಸಿದ ಎರಡು ನಿಮಿಷಕ್ಕೆ 97ಕ್ಕೆ ಇಳಿಯಿತು. 103 ಅಂದರೆ ಕುದಿಯುತ್ತಿದೆ ಅಂದುಕೊಳ್ಳಬೇಡಿ. ನೀರಿಗೆ ಅರ್ಧಕ್ಕರ್ಧ ಗ್ಲೈಕಾಲ್ (ಆಂಟಿಫ್ರೀಜ್) ಬೆರೆಸಿ, ಒಳ್ಳೆಯ ಒತ್ತಡದ ಮುಚ್ಚಳ ಹಾಕಿದರೆ ಕುದಿಬಿಂದು 125 ದಾಟುತ್ತದೆ. ಇಲ್ಲಿನ ಗೆಳೆಯರು 210 ಅಂದಾಗ ಮೊದಮೊದಲು ನನ್ನೆದೆ ಧಸಕ್ಕೆನ್ನುತ್ತಿತ್ತು. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 99. ಟ್ರಾಫಿಕ್ಕಿನಲ್ಲಿ ನಿಂತಾಗ ನನ್ನ ಕಾರಿನ ಫ್ಯಾನ್ ಶುರುವಾಗುವುದೇ 97ಕ್ಕೆ. ಹೀಗಾಗಿ ಹೆದ್ದಾರಿಯಲ್ಲಿ 89, ಸಿಗ್ನಲ್ಲಿನಲ್ಲಿ 97, ಬೇಸಿಗೆಯ ಏರಿನಲ್ಲಿ 103, ಈ ಮೂರೂ ನನ್ನ ಕಾರಿಗೆ ಸಹಜ. ಹೆದ್ದಾರಿಯಲ್ಲಿ 97 ಬಂದರೆ ಮಾತ್ರ ನಾನು ಬಾನೆಟ್ ಎತ್ತುತ್ತೇನೆ.

ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ನನ್ನೂ ಪರೀಕ್ಷಿಸಿದೆ. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು 41 ಅಂದಿತು. ಅಲ್ಲೇ ಕಪ್ಪು ಟೇಪ್ ಅಂಟಿಸಿದರೆ 86. ಗ್ಯಾರೇಜಿನಲ್ಲಿ ಉಪಯೋಗ, ಓಡಿಸುವಾಗ ಇಲ್ಲ.

ಕೊನೆಗೆ ಫೋನನ್ನೇ ಉಳಿಸಿಕೊಂಡೆ, 107ಕ್ಕೆ ಅಲಾರಂ ಇಟ್ಟೆ. ಆದರೂ ಅಕ್ಟೋಬರಿನಲ್ಲಿ ಪಚೇಕೊ ಪಾಸ್ ಘಾಟಿ ಇಳಿಯುವಾಗ ಅದೂ ಸಾಲಲಿಲ್ಲ. 94 ಇದ್ದದ್ದು 101ಕ್ಕೆ ಹೋಯಿತು, ಆಮೇಲೆ ಯಾವ ಕಾರಣವೂ ಇಲ್ಲದೆ 90ಕ್ಕೆ ಬಿತ್ತು. ಅಲಾರಂ ಕೂಗಲಿಲ್ಲ. ಚಳಿಗೆ ಹಾಕಿದ್ದ ಹೀಟರಿನಿಂದ ತಣ್ಣನೆ ಗಾಳಿ ಬಂದಾಗ ನನಗೆ ಹೊಳೆಯಿತು: ಸೆನ್ಸರಿನ ಸುತ್ತ ನೀರಿಲ್ಲ, ಬರೀ ಗಾಳಿಯ ಬಿಸಿಯನ್ನು ಅಳೆಯುತ್ತಿದೆ. ತಕ್ಷಣ ಪಕ್ಕಕ್ಕೆ ತಂದು ಎಂಜಿನ್ ಆರಿಸಿದೆ. ಆ ಗಳಿಗೆಯಲ್ಲೂ ಮುಳ್ಳು ನಡುವಲ್ಲೇ ಇತ್ತು. ಹಿಂಬದಿಯ ಹಳೆಯ ಹೀಟರ್ ಹೋಸ್ ಸೀಳಿತ್ತು. ಒಂದು ಗಂಟೆ ಕಾದು, ಹೋಸನ್ನು ಟೇಪಿನಿಂದ ಬಿಗಿದು ಸುತ್ತಿ, ಆಮೇಲೆ ಮುಚ್ಚಳ ತೆಗೆದೆ. ಆರು ಲೀಟರ್ ಹಿಡಿಯುವ ವ್ಯವಸ್ಥೆಗೆ ಎರಡೂವರೆ ಲೀಟರ್ ಹಾಕಬೇಕಾಯಿತು.